‘ನಮ್ಮ ಮನ್ಯಾಗ ಯಾರಿಗೂ ತಿಂಡಿ ಇಲ್ರೀ’

ಮೊನ್ನೆ ನಂದಿನಿ ಲೇಔಟಿನ ನಮ್ಮ ರಸ್ತೆಯ ಕೊನೆಮನೆ ಹುಡುಗಿಗೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಕೆಲಸವಾಯಿತು. ಮೈಸೂರುಪಾಕಿನ ಡಬ್ಬಿ ಹಿಡಿದು ಬಂದವಳು ಕಾಲಿಗೆ ನಮಸ್ಕಾರ ಮಾಡಿ, “ಆಂಟಿ, ಮಕ್ಕಳ ಕೈಲಿ ವಿಡಿಯೋ ಬ್ಲಾಗ್ ಮಾಡಿಸಿ ಅಂತ ಟ್ರೈನಿಂಗಲ್ಲಿ ಹೇಳ್ಕೊಟ್ರು. ತುಂಬಾ ಹೊಸಾ ಮೆಥಡ್ಡು. ನಿಮ್ಮ ಕಾಲದಲ್ಲಿ ಇದೆಲ್ಲಾ ಎಲ್ಲಿತ್ತು, ಅಲ್ವಾ?” ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಬಾಯಲ್ಲಿ ಮೈಸೂರುಪಾಕು ಇದ್ದುದರಿಂದ ಆ ಕ್ಷಣಕ್ಕೆ ಏನೂ ಹೇಳಲಾಗಲಿಲ್ಲ. ಅವಳು ಹೋದ ಮೇಲೆ ಇದನ್ನು ಬರೆಯಲು ಕೂತೆ.

ಇತ್ತು ಕಣಮ್ಮ, ನಮ್ಮ ಕಾಲದಲ್ಲೂ ಇತ್ತು. ನಿಮ್ಮ ಕೈಯಲ್ಲಿರುವಂಥ ಫೋನು ಇರಲಿಲ್ಲ, ಅಷ್ಟೆ. ಎರಡು ಸಾವಿರದ ಏಳು-ಎಂಟರ ಹೊತ್ತಿಗೇ ಹೇರೋಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯ ನಾಲ್ಕನೇ ತರಗತಿ ಮಕ್ಕಳು ಕ್ಯಾಮೆರಾ ಮುಂದೆ ನಿಂತು ಪಾಠ ಹೇಳುತ್ತಿದ್ದರು. ಅವರ ಟೀಚರ್ ನಾನು, ನಾಗರತ್ನ. ನನಗೆ ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾವ ಶಾಲು ಹೊದಿಸಿದರು ಎಂಬುದೆಲ್ಲ ಯಾರಿಗೂ ಬೇಕಿಲ್ಲ, ನನಗೂ ಬೇಕಿಲ್ಲ. ಆದರೆ ಈ ವಿಡಿಯೋ ವಿಚಾರ ಬಂದರೆ ಮಾತ್ರ ನಾನು ಸುಮ್ಮನಿರುವವಳಲ್ಲ. ಹೆಮ್ಮೆ ಅಂತಲೇ ಅಂದುಕೊಳ್ಳಿ.

ಆಗ ಹೇರೋಹಳ್ಳಿ ಹೊಸದಾಗಿ ನಗರಪಾಲಿಕೆಗೆ ಸೇರಿತ್ತು. ಊರು ಸೇರಿತ್ತೇ ಹೊರತು ರಸ್ತೆ ಸೇರಿರಲಿಲ್ಲ. ಮಾಗಡಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ನನ್ನ ಸ್ಕೂಟಿ ಗುಂಡಿಯಿಂದ ಗುಂಡಿಗೆ ಹಾರಿಕೊಂಡೇ ಶಾಲೆ ಮುಟ್ಟಬೇಕು. ಎಲ್ಲಿ ನೋಡಿದರೂ ಸೈಟಿನ ಕಲ್ಲು, ಮರಳಿನ ರಾಶಿ, ಅರ್ಧ ಎದ್ದ ಗೋಡೆ. ಆ ಮನೆಗಳನ್ನು ಕಟ್ಟಲು ಉತ್ತರ ಕರ್ನಾಟಕದಿಂದ ಬಂದವರು ಅದೇ ಸೈಟಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುತ್ತಿದ್ದರು. ಅವರ ಮಕ್ಕಳೂ, ಹಳೇ ಊರಿನವರ ಮಕ್ಕಳೂ ನಮ್ಮ ಶಾಲೆಗೆ ಬರುತ್ತಿದ್ದರು.

ಶಾಲೆಗೆ ಯಾರೋ ಪುಣ್ಯಾತ್ಮರು ಎರಡು ಕಂಪ್ಯೂಟರ್ ದಾನ ಕೊಟ್ಟಿದ್ದರು. ಹೆಡ್‌ಮಾಸ್ಟರ್ ಪುಟ್ಟಸ್ವಾಮಿಯವರು ಅವಕ್ಕೆ ಹೂವಿನ ಕಸೂತಿಯ ಹೊದಿಕೆ ಹೊಲಿಸಿ, ಕೋಣೆಗೆ ಬೀಗ ಹಾಕಿಟ್ಟಿದ್ದರು. ಆಯುಧಪೂಜೆಯ ದಿನ ಬೀಗ ತೆಗೆದು ಕುಂಕುಮ ಇಟ್ಟು ಮತ್ತೆ ಹಾಕುತ್ತಿದ್ದರು. ಕೆಟ್ಟವರೇನಲ್ಲ, ಆದರೆ ಯಾವ ಮಾತಿಗೂ ಹೌದು ಅನ್ನರು, ಇಲ್ಲ ಅನ್ನರು. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ.

ವಿಜಯನಗರದಲ್ಲಿ ಮದುವೆ ವಿಡಿಯೋ ತೆಗೆಯುವ ನನ್ನ ತಮ್ಮ ಹೊಸ ಕ್ಯಾಮೆರಾ ತೆಗೆದುಕೊಂಡು ಹಳೆಯದನ್ನು ಮೂಲೆಗೆ ಹಾಕಿದ್ದ. ಅದನ್ನು ನಾನು ಕಿತ್ತುಕೊಂಡು ಬಂದೆ. ಮಕ್ಕಳ ಕೈಲಿ ಮಾತಾಡಿಸಿ, ಅದನ್ನು ಇಂಟರ್‌ನೆಟ್ಟಿಗೆ ಹಾಕಿ, ಅವರೇ ಮತ್ತೆ ನೋಡಿ ಕಲಿಯುವ ಹಾಗೆ ಮಾಡಬಹುದು ಎಂದು ಅವನೇ ಹೇಳಿಕೊಟ್ಟಿದ್ದ. ಹೆಡ್‌ಮಾಸ್ಟರ ಹತ್ತಿರ ಹೋಗಿ, “ಸಾರ್, ಮಕ್ಕಳಿಗೆ ಒಂದು ವಿಡಿಯೋ ಬ್ಲಾಗ್ ಶುರು ಮಾಡ್ಬೇಕು ಅಂತಿದೀನಿ” ಎಂದೆ.

ಅವರು ಕನ್ನಡಕ ಮೇಲೆತ್ತಿ, “ಬ್ಲಾಕಿಂದ ಬಂದಿದ್ಯಾ?” ಎಂದರು. ಶಿಕ್ಷಣ ಇಲಾಖೆಯಲ್ಲಿ ಬ್ಲಾಕ್ ಅಂದರೆ ನಮ್ಮ ಮೇಲಿನ ಕಚೇರಿ. ಅಲ್ಲಿಂದ ಬಂದದ್ದೆಲ್ಲ ವೇದವಾಕ್ಯ.

“ಬ್ಲಾಕ್ ಅಲ್ಲ ಸಾರ್, ಬ್ಲಾಗ್.”

“ಅದೇ ಕಣಮ್ಮ, ಬ್ಲಾಕಿಂದ ಹೇಳಿದ್ ಮೇಲೆ ಮುಗೀತು. ಮಾಡಿ, ಮಾಡಿ. ಕಂಪ್ಯೂಟರ್ ಮೇಲೆ ಮಾತ್ರ ಧೂಳು ಬೀಳಬಾರ್ದು.”

ತಿದ್ದುವುದು ಟೀಚರ ಧರ್ಮ, ನಿಜ. ಆದರೆ ಎಲ್ಲ ತಪ್ಪನ್ನೂ ತಿದ್ದುತ್ತಾ ಕೂತರೆ ಶಾಲೆ ನಡೆಯುವುದಿಲ್ಲ. ಬೀಗದ ಕೈ ಇಸಿದುಕೊಂಡು ಬಂದೆ.

ಮೊದಲ ದಿನವೇ ಎಡವಟ್ಟು. ಕ್ಯಾಮೆರಾದಲ್ಲಿ ಕೆಂಪು ದೀಪ ಉರಿದರೆ ಓಡುತ್ತಿದೆ ಎಂದರ್ಥ. ನಾನು ಅದನ್ನು ಬೀದಿಯ ಸಿಗ್ನಲ್ ಅಂದುಕೊಂಡೆನೋ ಏನೋ, ಕೆಂಪು ಅಂದರೆ ನಿಂತಿದೆ ಎಂದು ಭಾವಿಸಿದೆ. ಮಕ್ಕಳು ಚೆಂದವಾಗಿ ಮಾತಾಡಿದಾಗೆಲ್ಲ ಕ್ಯಾಮೆರಾ ಮಲಗಿತ್ತು. ನಾನು ಅದನ್ನು ಮೇಜಿನ ಮೇಲಿಟ್ಟು ಪಾಠ ಶುರು ಮಾಡಿದಾಗ ಎದ್ದು ಕೂತಿತ್ತು. ಮರುದಿನ ಹಾಕಿ ನೋಡಿದರೆ ಉದ್ದಕ್ಕೂ ನನ್ನದೇ ಗಂಟಲು: “ಅರ್ಥ ಆಯ್ತಾ? ಅರ್ಥ ಆಯ್ತಾ ಮಕ್ಳೇ?” ಮಕ್ಕಳು ಒಕ್ಕೊರಲಿನಿಂದ “ಆಯ್ತು ಮಿಸ್” ಅನ್ನುತ್ತಾರೆ, ಮುಖ ನೋಡಿದರೆ ಒಬ್ಬರಿಗೂ ಏನೂ ಆಗಿಲ್ಲ. ಒಬ್ಬ ಕಿಟಕಿಯಾಚೆ ಹೋಗುವ ಎಮ್ಮೆ ನೋಡಿಕೊಂಡೇ “ಆಯ್ತು ಮಿಸ್” ಅನ್ನುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆವತ್ತಿನಿಂದ ನಾನು ‘ಅರ್ಥ ಆಯ್ತಾ’ ಕೇಳುವುದನ್ನು ಬಿಟ್ಟು, “ಎಲ್ಲಿ, ಕ್ಯಾಮೆರಾಗೆ ಹೇಳು ನೋಡೋಣ” ಅನ್ನತೊಡಗಿದೆ.

ಹೊಸದಾಗಿ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟು. ಕ್ಯಾಮೆರಾ ಇರುವುದು ಮಕ್ಕಳನ್ನು ಸಿನಿಮಾದವರಂತೆ ತೋರಿಸುವುದಕ್ಕಲ್ಲ. ನಮ್ಮಲ್ಲಿ ಇಬ್ಬಿಬ್ಬರ ಜೋಡಿ. ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು. ಪಾಠದಲ್ಲಿ ನೀರಿನ ವಿಚಾರ ಬಂದರೆ ಪುಸ್ತಕ ಮುಚ್ಚಿ, ಮೋರಿ ಹತ್ತಿರ ಹೋಗಿ, ಮಳೆನೀರು ಎಲ್ಲಿಗೆ ಹರಿಯುತ್ತದೆ ಎಂದು ನೋಡಿಕೊಂಡು ಬಂದು ಹೇಳಬೇಕು. ಆಮೇಲೆ ತರಗತಿಯಲ್ಲಿ ಎಲ್ಲರೂ ನೋಡುವುದು. ತಪ್ಪಿದ್ದರೆ ಬೇರೆಯವರು ಬಾಯಿ ಬಿಡುವ ಹಾಗಿಲ್ಲ, ಮಾತಾಡಿದವರೇ ಮೊದಲು ಕಂಡುಹಿಡಿಯಬೇಕು. ಕಂಡುಹಿಡಿದ ಮೇಲೆ ಅಳಿಸುವುದಲ್ಲ, ಇನ್ನೊಂದು ಸಲ ಮಾತಾಡುವುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮಗುವಿಗೆ ತಾನು ಬೆಳೆದದ್ದು ಕಾಣಿಸುತ್ತದೆ. ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ, ಮಾಡುತ್ತಾ ಮಾಡುತ್ತಾ ಬಂದದ್ದು.

ಇದರಲ್ಲಿ ಎಲ್ಲರಿಗಿಂತ ಮುಂದೆ ರಕ್ಷಿತಾ. ಹಳೇ ಹೇರೋಹಳ್ಳಿಯ ಆಟೋ ಡ್ರೈವರ್ ಮಗಳು, ಬಾಯಿ ಅಂದರೆ ಬೊಂಬಾಯಿ. ಟಿವಿ ವರದಿಗಾರರ ಹಾಗೆ ಸ್ಕೇಲನ್ನೇ ಮೈಕು ಮಾಡಿಕೊಂಡು, “ವೀಕ್ಷಕರೇ, ಈಗ ನಾವು ನಿಂತಿರೋದು ನಮ್ಮ ಮನೆ ಮುಂದಿನ ಗುಂಡಿ ಹತ್ರ. ಈ ಗುಂಡಿ ನಾನು ಒಂದನೇ ಕ್ಲಾಸಲ್ಲಿ ಇದ್ದಾಗಿಂದ ಇದೆ. ನಾನು ನಾಲ್ಕಕ್ಕೆ ಬಂದೆ, ಇದು ಇಲ್ಲೇ ಇದೆ” ಎಂದು ಶುರು ಮಾಡಿದರೆ ನಿಲ್ಲಿಸುವವರಿಲ್ಲ. ಶನಿವಾರ ಮಧ್ಯಾಹ್ನ ವಿಜಯನಗರದ ಸೈಬರ್ ಸೆಂಟರಿಗೆ ಹೋಗಿ ಅದನ್ನು ಇಂಟರ್‌ನೆಟ್ಟಿಗೆ ಏರಿಸುವುದು ನನ್ನ ಕೆಲಸ. ಏರುವಷ್ಟರಲ್ಲಿ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಪಕ್ಕದ ಸೀಟಿನ ಹುಡುಗರು, “ಮಗಾ, ಆಂಟಿ ಯಾವ್ದೋ ದೊಡ್ಡ ಪಿಕ್ಚರ್ ಹಾಕ್ತಿದಾರೆ ಕಣೋ” ಎಂದು ಕೀಟಲೆ ಮಾಡುತ್ತಿದ್ದರು. ಹೌದಪ್ಪ, ದೊಡ್ಡ ಪಿಕ್ಚರೇ, ನಾಯಕಿಗೆ ಒಂಬತ್ತು ವರ್ಷ ಅನ್ನುತ್ತಿದ್ದೆ.

ಇನ್ನು ನಿಂಗವ್ವನ ವಿಚಾರ. ಹೇಳಬೇಕೆಂದು ಕೂತದ್ದೇ ಅದನ್ನು.

ಆ ವರ್ಷದ ನಡುವೆ ಮುದ್ದೇಬಿಹಾಳದ ಕಡೆಯಿಂದ ಒಂದು ಕುಟುಂಬ ಬಂದು ಶಾಲೆಯ ಹಿಂದಿನ ಸೈಟಿನಲ್ಲಿ ಶೆಡ್ಡು ಹಾಕಿತು. ಯಜಮಾನ ಯಮನಪ್ಪ ಗಾರೆ ಕೆಲಸದ ತಂಡದ ಮುಂದಾಳು. ಎತ್ತರದ ಆಳು, ತಲೆಗೆ ಬಿಳಿ ವಸ್ತ್ರ. ಅವನ ಮಗಳು ನಿಂಗವ್ವ ನಾಲ್ಕನೇ ತರಗತಿಗೆ ಸೇರಿದಳು. ಮಿಕ್ಕ ಮಕ್ಕಳೆಲ್ಲ ನನ್ನನ್ನು ಮಿಸ್ ಅಂದರೆ ಅವಳು ತನ್ನ ಊರಿನ ರೂಢಿಯಂತೆ ‘ಅಕ್ಕೋರ’ ಎಂದಳು. ಹಾಗೆ ಒಂದು ಸಲ ಅಂದಿದ್ದಕ್ಕೆ ಹಿಂದಿನ ಬೆಂಚಿನವರು ಕಿಸಕ್ಕೆಂದರು. ಅವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದೆ. ಅವರು ಇಳಿದರು, ಈ ಹುಡುಗಿಯ ಬಾಯಿ ಮಾತ್ರ ಮತ್ತೆ ತೆರೆಯಲಿಲ್ಲ. ಲೆಕ್ಕ ಸರಿಯಾಗಿ ಮಾಡುತ್ತಾಳೆ, ಅಕ್ಷರ ಮುತ್ತಿನ ಹಾಗೆ. ಮಾತಾಡು ಅಂದರೆ ನೆಲ ನೋಡುತ್ತಾಳೆ.

ಬೆಳಗ್ಗೆ ಗೇಟಿನ ಹತ್ತಿರ ಸಿಕ್ಕಾಗ ನಾನೇ ಪ್ರೀತಿಯಿಂದ ಕೇಳುತ್ತಿದ್ದೆ, “ಏನೇ ನಿಂಗವ್ವ, ತಿಂಡಿ ಆಯ್ತಾ?” ನಮ್ಮ ಕಡೆ ಅದು ನಮಸ್ಕಾರಕ್ಕಿಂತ ದೊಡ್ಡದು. ಎದುರಿಗೆ ಸಿಕ್ಕವರನ್ನು ಹತ್ತು ಗಂಟೆಯೊಳಗಾದರೆ ತಿಂಡಿ ಆಯ್ತಾ ಅಂತ, ಆಮೇಲಾದರೆ ಊಟ ಆಯ್ತಾ ಅಂತ ಕೇಳದಿದ್ದರೆ ನಮಗೆ ಸಮಾಧಾನವಿಲ್ಲ. ಅವಳು ಮುಖ ಸಣ್ಣ ಮಾಡಿಕೊಂಡು ಓಡಿಬಿಡುತ್ತಿದ್ದಳು. ನಾಚಿಕೆ ಇರಬೇಕು ಅಂದುಕೊಂಡೆ.

ಆಹಾರದ ಪಾಠ ಬಂತು. ಪುಸ್ತಕದಲ್ಲಿ ‘ಬೆಳಗಿನ ಉಪಾಹಾರ’ ಎಂದಿತ್ತು. ಉಪಾಹಾರ ಎಂದು ಹೋಟೆಲ್ ಬೋರ್ಡಿನಲ್ಲಿ ಬರೆಯುತ್ತಾರೆ, ಮನೆಯಲ್ಲಿ ಯಾರು ಅನ್ನುತ್ತಾರೆ? ವಿಡಿಯೋಗೆ ‘ನಮ್ಮ ಮನೆ ತಿಂಡಿ’ ಎಂದು ಹೆಸರಿಟ್ಟೆ. ಚಿತ್ರಾನ್ನ, ದೋಸೆ, ಅವಲಕ್ಕಿ ಎಂದು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ನಿಂಗವ್ವನ ಸರದಿ ಬಂದಾಗ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆಶ್ಚರ್ಯವೆಂದರೆ ಅವಳೇ ಎದ್ದು ಬಂದು ಕ್ಯಾಮೆರಾ ಮುಂದೆ ನಿಂತಳು. ಮುಖದಲ್ಲಿ ಒಂಥರಾ ಹಟ. ರಕ್ಷಿತಾ ಸ್ಕೇಲನ್ನು ಅವಳ ಮೂತಿಗೆ ಹಿಡಿದು, “ನಿಮ್ಮನೇಲಿ ಬೆಳಗ್ಗೆ ಏನ್ ತಿಂಡಿ?” ಎಂದಳು.

ನಿಂಗವ್ವ ನೆಟ್ಟಗೆ ನೋಡಿಕೊಂಡು ಹೇಳಿದಳು: “ನಮ್ಮ ಮನ್ಯಾಗ ಯಾರಿಗೂ ತಿಂಡಿ ಇಲ್ರೀ. ನಮ್ಮಪ್ಪಗೂ ಇಲ್ಲ, ನಮ್ಮವ್ವಗೂ ಇಲ್ಲ. ನನಗಂತೂ ಯಾವತ್ತೂ ಇಲ್ಲ.” ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಜಾಗಕ್ಕೆ ಹೋಗಿ ಕೂತಳು.

ರಕ್ಷಿತಾಳಂಥ ರಕ್ಷಿತಾಳ ಕೈಯಿಂದಲೇ ಸ್ಕೇಲು ಕೆಳಗೆ ಬಿತ್ತು. ಖಾಲಿ ಹೊಟ್ಟೆಯಲ್ಲಿ ಬಂದು ಕೂರುವ ಮಗುವನ್ನು ದಿನಾ ತಿಂಡಿ ಆಯ್ತಾ ಎಂದು ಕೇಳುತ್ತಿದ್ದೆನಲ್ಲಾ ಎಂದು ನನ್ನನ್ನೇ ಬೈದುಕೊಂಡೆ. ಹೆಡ್‌ಮಾಸ್ಟರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಇದನ್ನ ನಾಲ್ಕು ಜನ ನೋಡ್ಬೇಕು ಕಣಮ್ಮ” ಎಂದರು. ಮಿಕ್ಕವರದ್ದರ ಜೊತೆಗೆ ಅದೂ ಇಂಟರ್‌ನೆಟ್ಟಿಗೆ ಏರಿತು.

ನಾಲ್ಕು ಜನ ನೋಡಿಯೇಬಿಟ್ಟರು. ನಮ್ಮ ವಿಡಿಯೋಗಳನ್ನು ತಪ್ಪದೆ ನೋಡುತ್ತಿದ್ದವರು ಬಸವೇಶ್ವರನಗರದ ಒಂದು ಮಹಿಳಾ ಮಂಡಳಿಯ ಕಮಲಮ್ಮ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ತುಂಬಾ ಒಳ್ಳೆಯ ಹೆಂಗಸು, ಮನಸ್ಸಿಗೆ ಬಂದದ್ದನ್ನು ತಕ್ಷಣ ಮಾಡಿಬಿಡುವ ಪೈಕಿ. ಹೆಡ್‌ಮಾಸ್ಟರಿಗೆ ಫೋನು ಮಾಡಿ ಶೆಡ್ಡಿನ ಗುರುತು ಕೇಳಿಕೊಂಡರು. ಮರುದಿನ ಬೆಳಗ್ಗೆ ಮಂಡಳಿಯವರ ಜೊತೆ ವ್ಯಾನಿನಲ್ಲಿ ಬಂದು ಯಮನಪ್ಪನ ಶೆಡ್ಡಿನ ಮುಂದೆ ಇಳಿದರು. ಇಡ್ಲಿ ತುಂಬಿದ ಸ್ಟೀಲ್ ಡಬ್ಬ, ಅಕ್ಕಿ ಚೀಲ, ಹಳೇ ಬಟ್ಟೆಯ ಗಂಟು. “ನಿಮ್ಮ ಮಗಳ ವಿಡಿಯೋ ಕಂಪ್ಯೂಟರಲ್ಲಿ ನೋಡಿ ಬಂದ್ವಿ” ಎಂದರಂತೆ. ಅವನ ತಂಡದ ಆಳುಗಳೆಲ್ಲ ಕಟ್ಟಡದ ಸಾರುವೆ ಮೇಲೆ ನಿಂತು ನೋಡುತ್ತಿದ್ದರಂತೆ. ಅದರಲ್ಲೊಬ್ಬ, “ಮೇಸ್ತ್ರಿ, ಹೆಂಡ್ತಿ ಮಕ್ಕಳಿಗೆ ಕೂಳು ಹಾಕೂದಿಲ್ಲೇನು?” ಎಂದು ನಕ್ಕನಂತೆ.

ಯಮನಪ್ಪ ಸಿಮೆಂಟು ಮೆತ್ತಿದ ಕೈಯಲ್ಲೇ ಸ್ಕೂಲಿಗೆ ಬಂದ. ಒಂದು ಕೈಯಲ್ಲಿ ಮಗಳ ತೋಳು, ಇನ್ನೊಂದರಲ್ಲಿ ಆ ಇಡ್ಲಿ ಡಬ್ಬ. ಡಬ್ಬವನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ಕುಕ್ಕಿದ.

“ಯಾರ್ರೀ ಇಲ್ಲಿ ಮಂದಿ ಮಾನ ಕಂಪ್ಯೂಟರಿನ್ಯಾಗ ಹಾಕೂವರು? ನಾ ಏನ್ ಭಿಕ್ಷಾ ಬೇಡೀನಿ? ಹತ್ತು ಮಂದಿ ಆಳಿಗೆ ಉಣ್ಣಾಕ ಹಾಕಾವ ನಾ. ನಮ್ಮ ಮನ್ಯಾಗ ಮುಂಜಾನೆ ರೊಟ್ಟಿ ಬಡಿಯೂ ಸಪ್ಪಳ ಇಡೀ ಲೇಔಟಿಗೆ ಕೇಳ್ತೈತಿ!”

ನಾನು ಎದ್ದು ನಿಂತು, “ಯಮನಪ್ಪ, ಕೂತ್ಕೊಳ್ಳಿ. ನಾವಾಗಿ ಏನೂ ಹೇಳಿಲ್ಲ. ಮನೇಲಿ ಯಾರಿಗೂ ತಿಂಡಿ ಇಲ್ಲ ಅಂತ ಮಗೂನೇ ಹೇಳಿದ್ದು” ಎಂದೆ.

“ಮತ್ತ? ಖರೇನ ಹೇಳ್ಯಾಳ! ನಮಗ್ಯಾಕ ತಿಂಡಿ ಇರ್ತೈತ್ರೀ? ನಾವೇನ್ ದಿನಾ ಜಳಕಾ ಮಾಡಂಗಿಲ್ಲೇನು?”

ಹೆಡ್‌ಮಾಸ್ಟರು ಬಹಳ ಸಮಾಧಾನದಿಂದ, “ಅಲ್ಲಪ್ಪಾ, ತಿಂಡಿಗೂ ಸ್ನಾನಕ್ಕೂ ಏನ್ ಸಂಬಂಧ? ನಾನೂ ಎಷ್ಟೋ ದಿನ ಸ್ನಾನ ಮಾಡೋಕ್ ಮುಂಚೇನೇ ತಿಂಡಿ ತಿಂತೀನಿ” ಎಂದರು.

“ತಿಂಡಿ… ತಿಂತೀರಿ?” ಎಂದ ಯಮನಪ್ಪ. ಇವರಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬಂತೆ ನಮ್ಮಿಬ್ಬರನ್ನೂ ನೋಡಿದ. ನಾವು ಅವನನ್ನು ನೋಡಿದೆವು. ಯಾರಿಗೂ ಯಾರ ಮಾತೂ ತಿಳಿಯದು. ಕನ್ನಡದವರೇ ಮೂವರು ಒಂದು ಮೇಜಿನ ಸುತ್ತ ನಿಂತಿದ್ದೆವು!

ಆಗ ನಿಂಗವ್ವ, ಅಪ್ಪನ ಹಿಡಿತದಲ್ಲೇ, ಸಣ್ಣ ದನಿಯಲ್ಲಿ ಹೇಳಿದಳು. “ಅಕ್ಕೋರ, ತಿಂಡಿ ಅಂದ್ರ ಮೈ ಕಡಿಯೂದು ರೀ. ನವಿ. ಇಲ್ಲಿ ಎಲ್ಲಾರೂ ದಿನಾ ಮುಂಜಾನೆ ನನ್ನ ನೋಡಿ ತಿಂಡಿ ಆತೇನು, ತಿಂಡಿ ಆತೇನು ಅಂತ ಕೇಳ್ತಾರ. ನೀವೂ ಕೇಳ್ತಿದ್ರಿ. ನಾ ಹೊಲಸ ಇದೀನಂತ ಹಂಗ ಅಂತಾರಂತ ತಿಳಕೊಂಡಿದ್ದೆ. ಅವತ್ತು ಬ್ಯಾರೆದವರು ದ್ವಾಸಿ, ಅವಲಕ್ಕಿ ಅಂದದ್ದು ಉಣ್ಣೂ ಮಾತು, ನನಗ ಕೇಳಿದ್ದು ಮಾತ್ರ ಅದ ತಿಂಡಿ ಅನಿಸ್ತು. ಅದಕ್ಕ ನಮ್ಮ ಮನ್ಯಾಗ ಯಾರಿಗೂ ಇಲ್ಲ ಅಂತ ಎಲ್ಲಾರ ಮುಂದ ಹೇಳಿದೆ.”

ಅಯ್ಯೋ ರಾಮ! ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಈ ಮಗು ಬಂದಾಗಿನಿಂದ ಮೂಲೆ ಹಿಡಿದು ಕೂತದ್ದು ಇದಕ್ಕೆ. ದಿನವೂ ಕೈಕಾಲು ಉಜ್ಜಿ ತೊಳೆದುಕೊಂಡು ಬರುತ್ತಾಳೆ, ಬಂದ ಕೂಡಲೇ ನಾವೆಲ್ಲ ಸಾಲಾಗಿ ನಿಂತು ನಿನಗೆ ತುರಿಕೆಯಾ ಎಂದು ಕೇಳುತ್ತೇವೆ. ಆವತ್ತು ಕ್ಯಾಮೆರಾ ಮುಂದೆ ಎದ್ದು ಬಂದು ನಿಂತದ್ದು ಹಸಿವು ಹೇಳಿಕೊಳ್ಳುವುದಕ್ಕಲ್ಲ, ಮನೆಯ ಮರ್ಯಾದೆ ಉಳಿಸಿಕೊಳ್ಳುವುದಕ್ಕೆ.

ಯಮನಪ್ಪನಿಗೂ ವಿಷಯ ತಿಳಿಯಿತು, ಆದರೆ ಅವನು ನಗಲಿಲ್ಲ. “ತಿಳೀತಲ್ರೀ ನಿಮಗ? ನನ್ನ ಆಳಿಗೆ ಯಾರು ತಿಳಿಸ್ತಾರ? ಊರಿಗೆ ಸುದ್ದಿ ಹೋಗೇತಿ. ಅಮಾಸಿಗೆ ನಮ್ಮ ಮಂದಿ ಊರಿಗೆ ಹೊಂಟಾರ, ಇಕಿನ್ನೂ ಅವರ ಜೋಡಿ ಕಳಸ್ತೀನಿ. ಸಾಲಿ ಸಾಕು. ಊರಾಗ ಮುದುಕಿ ನಮ್ಮವ್ವನ ಜೋಡಿ ಆಡು ಕಾಯ್ಕೋತ ಇರ್ಲಿ.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ನನಗೆ ಅದೇ ನೆನಪಾಯಿತು. ಆಡು ಕಾಯಲು ಕಳಿಸಿದ ಹುಡುಗಿಯರು ಮತ್ತೆ ಶಾಲೆಗೆ ಬಂದದ್ದನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿರಲಿಲ್ಲ. ಹೆಡ್‌ಮಾಸ್ಟರು ಬೆವರೊರೆಸಿಕೊಂಡು, “ನಾಗರತ್ನಮ್ಮ, ಅದನ್ನ ಈಗಲೇ ಅಳಿಸ್ಬಿಡಿ. ಈ ಬ್ಲಾಕೂ ಬೇಡ, ವಿಡಿಯೋನೂ ಬೇಡ. ಬೀಗದ ಕೈ ಕೊಡಿ” ಎಂದರು.

ನನ್ನ ಕೋಪ ನಿಮಗೆ ಗೊತ್ತಿಲ್ಲ. “ಸಾರ್, ಅಳಿಸಿದ್ರೆ ನೋಡಿದವರ ತಲೇಲಿರೋದು ಅಳಿಸುತ್ತಾ? ನನ್ನ ಕ್ಲಾಸಲ್ಲಿ ತಪ್ಪಾದ್ರೆ ಅಳಿಸೋ ಪದ್ಧತಿ ಇಲ್ಲ, ಇನ್ನೊಂದು ಸಲ ಮಾತಾಡೋದು. ಯಮನಪ್ಪ, ಅಮಾವಾಸ್ಯೆವರೆಗೆ ಇವಳು ನನ್ನ ಹುಡುಗಿ. ಅಲ್ಲೀವರೆಗೆ ಕಳಿಸಿ, ಆಮೇಲೆ ನಿಮ್ಮಿಷ್ಟ” ಎಂದೆ. ಯಮನಪ್ಪ ಮಗಳ ತೋಳು ಬಿಟ್ಟು ಹೊರಟುಹೋದ. ಇಡ್ಲಿ ಡಬ್ಬ ಮೇಜಿನ ಮೇಲೇ ಉಳಿಯಿತು.

ನಿಂಗವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ, “ಇನ್ನೊಂದು ಸಲ ಕ್ಯಾಮೆರಾಗೆ ಹೇಳ್ತೀಯಾ? ಭಯ ಆಗುತ್ತಾ?” ಅವಳು ನೆಲ ನೋಡಲಿಲ್ಲ. “ಕ್ಯಾಮೆರಾ ನಮ್ಮ ಮನೀಗೆ ತರ್ರಿ ಅಕ್ಕೋರ. ಸಾಲ್ಯಾಗ ಹೇಳಿದ್ರ ಯಾರು ನಂಬ್ತಾರ? ರೊಟ್ಟಿ ಕಾಣಬೇಕು” ಎಂದಳು. ಈ ಮಾತು ನನಗೆ ಹೊಳೆದಿರಲಿಲ್ಲ. ರಕ್ಷಿತಾ, “ನಾನು ಕ್ಯಾಮೆರಾ ಹಿಡೀತೀನಿ ಮಿಸ್. ಈ ಸಲ ಪ್ರಶ್ನೆ ಕೇಳಲ್ಲ, ದೇವರಾಣೆ” ಎಂದಳು.

ಮರುದಿನ ಬೆಳಗ್ಗೆ ಶೆಡ್ಡಿಗೆ ಹೋದೆವು. ನಿಂಗವ್ವನ ತಾಯಿ ಶಾಂತವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಯಮನಪ್ಪ ಎದುರಿನ ಕಟ್ಟಡದ ಮೇಲಿದ್ದ, ನಾವು ಬಂದದ್ದನ್ನು ನೋಡಿ ಬೆನ್ನು ತಿರುಗಿಸಿದ. ಆದರೆ ಬರಬೇಡಿ ಅನ್ನಲಿಲ್ಲ. ನಾನು ಶಾಂತವ್ವನಿಗೆ, “ನಿಮ್ಮೋರಿಗೆ ತುಂಬಾ ಸಿಟ್ಟಾ?” ಎಂದೆ. “ಇರಲಿ ಬಿಡ್ರಿ. ಸಿಟ್ಟು ರೊಟ್ಟಿ ಬ್ಯಾಡ ಅಂದೇತೇನು? ನಾಕು ತಿಂದ ಹ್ವಾದ್ರು” ಎಂದು ನಕ್ಕಳು.

ಎಷ್ಟು ಸಲ ತೆಗೆಯಬೇಕಾಗುತ್ತದೋ ಎಂದುಕೊಂಡಿದ್ದೆ. ನಿಂಗವ್ವ ಒಂದೇ ಸಲಕ್ಕೆ ಮುಗಿಸಿದಳು. ಹೊಗೆಗೆ ರಕ್ಷಿತಾಳ ಕಣ್ಣಲ್ಲಿ ನೀರು, ಕ್ಯಾಮೆರಾ ಮಾತ್ರ ಅಲ್ಲಾಡಲಿಲ್ಲ. ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ, ಭಾಷೆ ತಿದ್ದಲೂ ಹೋಗಲಿಲ್ಲ.

ಅಮಾವಾಸ್ಯೆಗೆ ಮುಂಚಿನ ಶನಿವಾರ ಶಾಲೆಯಲ್ಲಿ ತೋರಿಸುವುದೆಂದು ನಿಶ್ಚಯಿಸಿದೆ. ಕಮಲಮ್ಮನಿಗೆ ಫೋನಿನಲ್ಲಿ ವಿಷಯವೆಲ್ಲ ಹೇಳಿ ಕರೆದೆ. ಅವರು “ಬರ್ತೀನಿ ರೀ, ಬರಲೇಬೇಕು” ಎಂದರು. ಯಮನಪ್ಪನಿಗೆ ರಕ್ಷಿತಾಳೇ ಹೋಗಿ ಹೇಳಿದ್ದಳು, “ಅಂಕಲ್, ನಿಮ್ಮ ಆಳುಗಳ್ನೆಲ್ಲ ಕರ್ಕೊಂಡೇ ಬನ್ನಿ. ನಗಾಡಿದ್ರಲ್ಲ, ಅವರು ಮೊದಲು ಬರ್ಲಿ.” ಕಂಪ್ಯೂಟರಿನ ಪುಟ್ಟ ಪರದೆಯಲ್ಲಿ ಅಷ್ಟು ಜನಕ್ಕೆ ಹೇಗೆ ತೋರಿಸುವುದು ಎಂಬ ಚಿಂತೆಯಲ್ಲಿ ನಾನಿದ್ದರೆ, ಗೇಟಿನಲ್ಲಿ ಆಟೋ ನಿಂತಿತು. ಹೆಡ್‌ಮಾಸ್ಟರ್ ಪುಟ್ಟಸ್ವಾಮಿಯವರು ತಮ್ಮ ಮನೆಯ ದಪ್ಪ ಟಿವಿಯನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತಿದ್ದರು. “ಮನೇಲಿ ಧಾರಾವಾಹಿ ತಪ್ಪೋಯ್ತು ಅಂತ ಬೈತಿದಾರೆ. ಬೇಗ ಮುಗಿಸಿ” ಎಂದರು. ಇಷ್ಟು ವರ್ಷದಲ್ಲಿ ಅವರು ಒಂದು ಕಡೆಗೆ ನಿಂತದ್ದನ್ನು ಅವತ್ತೇ ಮೊದಲ ಸಲ ಕಂಡೆ.

ಯಮನಪ್ಪ ಬಂದ. ಒಳಗೆ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತ. ಹಿಂದೆ ಅವನ ಆಳುಗಳು. ವಿಜಯನಗರದಿಂದ ಬಂದಿದ್ದ ನನ್ನ ತಮ್ಮ ತಂತಿ ಸಿಕ್ಕಿಸಿಕೊಟ್ಟ, ಚಿತ್ರ ಬಂತು. ಮೊದಲು ರೊಟ್ಟಿ ಬಡಿಯುವ ಸದ್ದು, ಆಮೇಲೆ ನಿಂಗವ್ವ.

“ನಮಸ್ಕಾರ್ರೀ. ನಾ ನಿಂಗವ್ವ ಯಮನಪ್ಪ. ಮೊನ್ನಿ ನಾ ನಮ್ಮ ಮನ್ಯಾಗ ಯಾರಿಗೂ ತಿಂಡಿ ಇಲ್ಲ ಅಂದಿದ್ದೆ. ಇವತ್ತೂ ಇಲ್ಲ. ಯಾಕಂದ್ರ ನಮ್ಮ ಕಡೆ ತಿಂಡಿ ಅಂದ್ರ ಮೈ ಕಡಿಯೂದು. ಬೆಂಗಳೂರಾಗ ತಿಂಡಿ ಅಂದ್ರ ಇಡ್ಲಿ, ದ್ವಾಸಿ. ಅದಕ್ಕ ನಾವು ನಾಷ್ಟಾ ಅಂತೀವಿ. ಇಲ್ನೋಡ್ರಿ, ಇದು ನಮ್ಮ ನಾಷ್ಟಾ. ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಬದನಿಕಾಯಿ ಪಲ್ಯ. ನಿನ್ನಿದಲ್ಲ, ಇವತ್ತಿಂದ. ಇಕಿ ನಮ್ಮವ್ವ, ನಸೀಕಲೆ ಎದ್ದು ಮಾಡ್ಯಾಳ. ಅಲ್ಲಿ ಮ್ಯಾಲ ನಿಂತಾನಲ್ಲ, ಅವ ನಮ್ಮಪ್ಪ. ನಾವು ಉಂಡ ಮ್ಯಾಲೆ ಅವ ಉಣತಾನ, ಅವ ಉಂಡ ಮ್ಯಾಲೆ ಗ್ವಾಡಿ ಕಟ್ಟತಾನ. ನಮ್ಮ ಸಾಲಿ ಹಿಂದಿನ ಮನಿ ಅವನ ಕಟ್ಟಿದ್ದು. ಇನ್ನ ಮ್ಯಾಲೆ ಯಾರರ ತಿಂಡಿ ಇಲ್ಲ ಅಂದ್ರ, ಅಳಬ್ಯಾಡ್ರಿ. ಯಾವೂರು ಅಂತ ಮೊದಲ ಕೇಳ್ರಿ.”

ಮೊದಲು ನಕ್ಕದ್ದು ಆ ಆಳುಗಳೇ. ಮೇಸ್ತ್ರಿಯನ್ನು ಗೇಲಿ ಮಾಡಿದ್ದವನು ತಲೆ ಕೆರೆದುಕೊಂಡ. ಇನ್ನೊಬ್ಬ, “ಯಾಕಲೇ, ನಿನಗ ತಿಂಡಿ ಐತೇನು?” ಎಂದದ್ದೇ ತಡ, ಶಾಲೆಗೆ ಶಾಲೆಯೇ ನಕ್ಕಿತು. ನಮ್ಮ ಹಿಂದಿನ ಬೆಂಚಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಅತ್ತೆ, ಮುಚ್ಚಿಡುವುದೇನಿದೆ. ನೆಲ ನೋಡುತ್ತಿದ್ದ ನನ್ನ ಹುಡುಗಿ ತನ್ನ ಕನ್ನಡದಲ್ಲಿ ಎರಡು ಊರಿಗೆ ಪಾಠ ಮಾಡಿದ್ದಳು.

ಕಮಲಮ್ಮ ಎದ್ದು ಬಾಗಿಲ ಹತ್ತಿರ ಹೋಗಿ ಕೈ ಮುಗಿದರು. “ತಪ್ಪಾಯ್ತಪ್ಪ. ಕೇಳದೆ ಬಂದ್ಬಿಟ್ಟೆ.” ಯಮನಪ್ಪ ಅವರ ಕೈಯನ್ನು ನೋಡಿದ, ತಲೆಯ ವಸ್ತ್ರ ಸರಿಮಾಡಿಕೊಂಡ. “ತಪ್ಪೇನೈತ್ರೀ ಅವ್ವಾರ. ಬಂದಿದ್ರಿ, ಉಣ್ಣದ ಹೋದ್ರಿ, ಅದು ತಪ್ಪು. ನಾಳಿ ಐತವಾರ, ರೊಟ್ಟಿ ತಿನ್ನಾಕ ಬರ್ರಿ. ಡಬ್ಬಿ ತರಬ್ಯಾಡ್ರಿ” ಎಂದ. ಕಮಲಮ್ಮ ಮರುದಿನ ಹೋದರು, ಬದನೆಕಾಯಿ ಪಲ್ಯದ ಖಾರಕ್ಕೆ ಕಣ್ಣು ಮೂಗೆಲ್ಲ ಸುರಿಸಿಕೊಂಡು ತಿಂದು ಬಂದರಂತೆ.

ಆದರೆ ಆ ಶನಿವಾರ ನನ್ನ ಗಮನವೆಲ್ಲ ಬೇರೊಂದರ ಮೇಲಿತ್ತು. ಜನ ಚದುರಿದರು. ನಿಂಗವ್ವ ಅಪ್ಪನ ಪಕ್ಕ ಹೋಗಿ ನಿಂತಳು, ಅವನು ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ. ಇಬ್ಬರೂ ಮೆಟ್ಟಿಲು ಇಳಿದರು. ನನಗೆ ಕೇಳಲು ಧೈರ್ಯವಾಗಲಿಲ್ಲ. ಕೇಳಿದವರು ಹೆಡ್‌ಮಾಸ್ಟರು. ಟಿವಿಯನ್ನು ಮತ್ತೆ ಅಪ್ಪಿಕೊಂಡು ನಿಂತಲ್ಲಿಂದಲೇ ಕೂಗಿದರು, “ಯಮನಪ್ಪಾ, ಟಿ.ಸಿ. ರೆಡಿ ಮಾಡಿಸ್ಬೇಕಾ? ಅಮಾವಾಸ್ಯೆಗೆ ಕಳಿಸ್ತೀನಿ ಅಂದ್ರಲ್ಲ ಹುಡುಗೀನ, ಯಾವತ್ತು ಕರ್ಕೊಂಡ್ ಹೋಗ್ತಾರೆ?”

ಯಮನಪ್ಪ ಗೇಟಿನ ಹತ್ತಿರ ನಿಂತು ತಿರುಗಿ ನೋಡಿದ.

“ಎಲ್ಲಿಗ್ರೀ ಸರ? ಸೋಮವಾರ ಸಾಲಿ ಐತಲ್ರೀ.”